ಓದುಗರ ಪ್ರಶ್ನೆ, ನಮ್ಮ ಉತ್ತರ: ಶಂಕರಘಟ್ಟದ ದಾರಿ, ಮಲೆನಾಡಿನ ಮೈದಾನ

ಅಂತರ ಕಾಲೇಜು ಕ್ರೀಡಾಕೂಟಗಳ ಕಾಲ ಹತ್ತಿರವಾಯಿತು. ಕುವೆಂಪು ವಿಶ್ವವಿದ್ಯಾಲಯದ ಆಟದ ಜಾಗಗಳು, ಅಲ್ಲಿಗೆ ಹೋಗುವ ದಾರಿ, ಊರಿನ ಮೈದಾನವನ್ನು ಮಳೆಯಿಂದ ಉಳಿಸಿಕೊಳ್ಳುವ ಬಗೆ, ಇಷ್ಟರ ಸುತ್ತಲೇ ಈ ಸಲದ ಪತ್ರಗಳು ಬಂದಿವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಕೂಡಿಸಿದ್ದೇವೆ.

ಪ್ರಶ್ನೆ: ಮಗಳಿಗೆ ಶಂಕರಘಟ್ಟದಲ್ಲಿ ಅಥ್ಲೆಟಿಕ್ಸ್ ಆಯ್ಕೆ ಇದೆ. ಬೆಳಿಗ್ಗೆ ಎಂಟಕ್ಕೆ ಹಾಜರಿರಬೇಕಂತೆ. ಕಡೂರಿನಿಂದ ರೈಲಿಗೆ ಶಿವಮೊಗ್ಗಕ್ಕೆ ಹೋಗಿ ಅಲ್ಲಿಂದ ಬಸ್ಸು ಹಿಡಿಯಿರಿ ಅಂತ ಎಲ್ಲರೂ ಹೇಳುತ್ತಾರೆ. ಅದೇ ಸರಿಯಾದ ದಾರಿಯೇ? (ಒಬ್ಬ ತಂದೆ, ಕಡೂರು)

ಅಲ್ಲ. ವಿಶ್ವವಿದ್ಯಾಲಯವನ್ನು ಶಿವಮೊಗ್ಗದ್ದು ಎಂದೇ ಎಲ್ಲರೂ ಕರೆಯುವುದರಿಂದ ಈ ತಪ್ಪು ಪ್ರತಿ ವರ್ಷ ಆಗುತ್ತದೆ. ಜ್ಞಾನಸಹ್ಯಾದ್ರಿ ಆವರಣ ಇರುವುದು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ, ಭದ್ರಾ ಅಣೆಕಟ್ಟೆಯಿರುವ ಬಿ.ಆರ್. ಪ್ರಾಜೆಕ್ಟಿನ (ಬಿ.ಆರ್.ಪಿ.) ಮಗ್ಗುಲಿಗೆ. ಶಿವಮೊಗ್ಗದಿಂದ ಸುಮಾರು 28 ಕಿ.ಮೀ., ಭದ್ರಾವತಿಯಿಂದ ಸುಮಾರು 18 ಕಿ.ಮೀ. ಬೀರೂರಿನಿಂದ ಬರುವ ಗಾಡಿ ಮೊದಲು ತರೀಕೆರೆ, ಆಮೇಲೆ ಭದ್ರಾವತಿ ದಾಟಿಯೇ ಶಿವಮೊಗ್ಗ ಟೌನ್ ಮುಟ್ಟುತ್ತದೆ. ಶಿವಮೊಗ್ಗಕ್ಕೆ ಹೋದರೆ ಬಂದ ದಿಕ್ಕಿಗೇ ವಾಪಸ್ಸು ಬಂದಂತೆ. ಭದ್ರಾವತಿಗೆ ಟಿಕೆಟ್ ತೆಗೆಸಿ, ಅಲ್ಲಿ ಇಳಿದು ಬಿ.ಆರ್.ಪಿ. ಕಡೆಯ ಬಸ್ಸು ಹಿಡಿಯಿರಿ. ಬೋರ್ಡಿನಲ್ಲಿ 'ಶಂಕರಘಟ್ಟ' ಇಲ್ಲದಿದ್ದರೂ ಬಿ.ಆರ್.ಪಿ. ಬಸ್ಸುಗಳನ್ನು ವಿಚಾರಿಸಿ. ಕಂಡಕ್ಟರಿಗೆ 'ಯೂನಿವರ್ಸಿಟಿ ಗೇಟು' ಎಂದರೆ ಸಾಕು.

ಚಿಕ್ಕಮಗಳೂರು, ಲಿಂಗದಹಳ್ಳಿ ಕಡೆಯವರಿಗೆ ಇನ್ನೊಂದು ದಾರಿಯಿದೆ. ತರೀಕೆರೆಯಲ್ಲಿ ಇಳಿದು ಲಕ್ಕವಳ್ಳಿ ಮೇಲೆ ಬಿ.ಆರ್.ಪಿ.ಗೆ ಬರುವುದು. ದಾರಿ ಚೆಂದ, ಆದರೆ ಬಸ್ಸು ವಿರಳ. ಒಂದು ತಪ್ಪಿದರೆ ಹೀಟ್ಸ್ (ಮೊದಲ ಸುತ್ತಿನ ಓಟ) ತಪ್ಪುತ್ತದೆ. ಸ್ವಂತ ಗಾಡಿ ಇದ್ದವರಿಗೆ ಮಾತ್ರ ಅದನ್ನು ಹೇಳುತ್ತೇವೆ.

ಬೆಳಿಗ್ಗೆ ಎಂಟಕ್ಕೆ ಹಾಜರಿ ಎಂದರೆ ಹಿಂದಿನ ರಾತ್ರಿಯೇ ಭದ್ರಾವತಿಯಲ್ಲಿ ಉಳಿಯುವುದು ಒಳ್ಳೆಯದು. ಶಂಕರಘಟ್ಟ, ಸಿಂಗನಮನೆ ಎಲ್ಲ ಸಣ್ಣ ಊರುಗಳು. ಕೂಟದ ದಿನ ಅಲ್ಲಿನ ಹೋಟೆಲುಗಳಲ್ಲಿ ತಿಂಡಿ ಬೇಗ ಖಾಲಿಯಾಗುತ್ತದೆ. ಓಡುವ ಮಕ್ಕಳಿಗೆ ಇಡ್ಲಿಯೋ ಬಾಳೆಹಣ್ಣೋ ಭದ್ರಾವತಿಯಿಂದಲೇ ಕಟ್ಟಿಸಿಕೊಂಡು ಹೋಗಿ, ಓಟಕ್ಕೆ ಎರಡು ಗಂಟೆ ಮೊದಲು ತಿನ್ನಿಸಿಬಿಡಿ. ಅಂದಹಾಗೆ, ನಿಮ್ಮ ಮಗಳು ಇಳಿಯುವುದು ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ ಹುಟ್ಟಿದ ಊರಲ್ಲಿ. ಹೇಳಿ ಅವಳಿಗೆ.

ಪ್ರಶ್ನೆ: ಸಾಗರದಿಂದ ಹನ್ನೆರಡು ಹುಡುಗಿಯರ ಖೋ ಖೋ ತಂಡ ಹೊರಡಬೇಕು. ಶಕ್ತಿ ಯೋಜನೆಯಲ್ಲಿ ಪೂರ್ತಿ ಉಚಿತವಾಗಿ ಹೋಗಿಬರಬಹುದೇ? (ತಂಡದ ಮ್ಯಾನೇಜರ್, ಸಾಗರ)

ಸರ್ಕಾರಿ ಬಸ್ಸು ಸಿಕ್ಕ ಕಡೆಗೆಲ್ಲ ಹೋಗಬಹುದು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಈ ಸೌಲಭ್ಯ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗೆ ಮಾತ್ರ. ರಾಜಹಂಸ, ಎ.ಸಿ. ಬಸ್ಸುಗಳಿಗಿಲ್ಲ, ಖಾಸಗಿ ಬಸ್ಸಿಗಂತೂ ಇಲ್ಲವೇ ಇಲ್ಲ. ನಮ್ಮ ಮಲೆನಾಡಿನ ಎಷ್ಟೋ ರೂಟುಗಳು ಇವತ್ತಿಗೂ ಖಾಸಗಿಯವರದೇ ಆದ್ದರಿಂದ ಪೂರ್ತಿ ಉಚಿತ ಎಂದು ಲೆಕ್ಕ ಹಾಕಿ ಹೊರಡಬೇಡಿ. ಶಿವಮೊಗ್ಗದಲ್ಲಿ ಎರಡೂ ನಿಲ್ದಾಣಗಳು ಅಕ್ಕಪಕ್ಕದಲ್ಲೇ ಇವೆ. ಇಬ್ಬರನ್ನು ಆ ಕಡೆ, ಇಬ್ಬರನ್ನು ಈ ಕಡೆ ವಿಚಾರಿಸಲು ಕಳಿಸಿದರೆ ಹತ್ತು ನಿಮಿಷದ ಕೆಲಸ. ಪ್ರತಿ ಹುಡುಗಿಯ ಹತ್ತಿರ ಕರ್ನಾಟಕದ ವಿಳಾಸವಿರುವ ಆಧಾರ್ ಇರಲಿ. ಕಾಲೇಜಿನ ಗುರುತಿನ ಚೀಟಿಯೊಂದನ್ನೇ ನಂಬಿ ಹೊರಟು ಕಂಡಕ್ಟರ್ ಜೊತೆ ವಾದಕ್ಕಿಳಿದ ತಂಡಗಳಿವೆ.

ನಿಮಗೆ ರೈಲೂ ಇದೆ. ತಾಳಗುಪ್ಪದಿಂದ ಹೊರಡುವ ಗಾಡಿ ಸಾಗರ, ಆನಂದಪುರ, ಶಿವಮೊಗ್ಗದ ಮೇಲೆ ಭದ್ರಾವತಿಗೇ ಹೋಗುತ್ತದೆ. ಹನ್ನೆರಡು ಮಂದಿ ಒಟ್ಟಿಗೆ ಕೂತು ಹೋಗಲು ಅದೇ ಹಗುರ. ಮೂರ್ನಾಲ್ಕು ತಂಡ ಒಟ್ಟಿಗೆ ಹೊರಡುವುದಾದರೆ ಹತ್ತಿರದ ಡಿಪೋದಲ್ಲಿ ಸಾಂದರ್ಭಿಕ ಒಪ್ಪಂದದ ಬಸ್ಸು ಕೇಳಿ. ಪ್ರಾಂಶುಪಾಲರ ಪತ್ರದ ಜೊತೆ ಕೆಲವು ದಿನ ಮೊದಲೇ ಹೋಗಬೇಕು.

ಪ್ರಶ್ನೆ: ಜಾವೆಲಿನ್ ಬಸ್ಸಿನಲ್ಲಿ ಒಯ್ಯುವುದು ಹೇಗೆ? ಕಳೆದ ಸಲ ಟಾಪಿಗೆ ಕಟ್ಟಿದ್ದು ಬಾಗಿಹೋಯಿತು. (ವಿದ್ಯಾರ್ಥಿ, ಸೊರಬ)

ಪುರುಷರ ಜಾವೆಲಿನ್ 2.60ರಿಂದ 2.70 ಮೀಟರ್, ಮಹಿಳೆಯರದು 2.20ರಿಂದ 2.30 ಮೀಟರ್ ಉದ್ದ. ಎರಡು ತುದಿಗೆ ಮಾತ್ರ ಹಗ್ಗ ಬಿಗಿದರೆ ಗುಂಡಿ ಬಿದ್ದ ರಸ್ತೆಯಲ್ಲಿ ನಡು ಕುಣಿಯುತ್ತದೆ, ಅಲ್ಲಿಯೇ ಬಾಗುತ್ತದೆ. 4 ಇಂಚಿನ ಪಿ.ವಿ.ಸಿ. ಪೈಪು 3 ಮೀಟರ್ ಕೊಯ್ಯಿಸಿ, ಎರಡೂ ಬಾಯಿಗೆ ಮುಚ್ಚಳ ಹಾಕಿ. ಒಳಗೆ ಹಳೆ ಬಟ್ಟೆ ಸುತ್ತಿದ ಮೂರು ಜಾವೆಲಿನ್ ಆರಾಮಾಗಿ ಹಿಡಿಯುತ್ತವೆ. ಮೊನೆಗೆ ಹಳೆ ಸೈಕಲ್ ಟ್ಯೂಬಿನ ತುಂಡು ಕಟ್ಟಿ. ಪೈಪನ್ನು ಟಾಪಿನ ಮೇಲೆ ಮೂರು ಕಡೆ ಬಿಗಿಯಿರಿ: ಎರಡು ತುದಿ, ಒಂದು ನಡು. ಪೋಲ್ ವಾಲ್ಟಿನ ಕೋಲು ಮಾತ್ರ ಬಸ್ಸಿಗೆ ಒಗ್ಗದ ಸಾಮಾನು. ಅದಕ್ಕೆ ಗೂಡ್ಸ್ ಗಾಡಿಯೇ ಗತಿ.

ಪ್ರಶ್ನೆ: ಸುತ್ತೋಲೆಯಲ್ಲಿ ಬರೀ 'ವಿಶ್ವವಿದ್ಯಾಲಯದ ಮೈದಾನ' ಎಂದಿರುತ್ತದೆ. ಯಾವುದು? (ವಿದ್ಯಾರ್ಥಿಗಳು, ಶಿಕಾರಿಪುರ)

ಫೋನು ಮಾಡಿ ಕೇಳಿಯೇ ಹೊರಡಿ. ಎರಡು ಜಾಗಗಳಿಗೂ ಜನ ಆ ಮಾತನ್ನೇ ಬಳಸುತ್ತಾರೆ. ಒಂದು ಶಂಕರಘಟ್ಟದ ಮುಖ್ಯ ಆವರಣ. ಇನ್ನೊಂದು ಶಿವಮೊಗ್ಗ ವಿದ್ಯಾನಗರದ ಸಹ್ಯಾದ್ರಿ ಕಾಲೇಜು. ಅಲ್ಲಿನ ಕಲಾ, ವಿಜ್ಞಾನ, ವಾಣಿಜ್ಯ ಕಾಲೇಜುಗಳು ವಿಶ್ವವಿದ್ಯಾಲಯದ ಘಟಕ ಕಾಲೇಜುಗಳೇ. ಭದ್ರಾವತಿ ಕಡೆಯಿಂದ ಬಿ.ಎಚ್. ರಸ್ತೆಯಲ್ಲಿ ಬರುವವರು ತುಂಗಾ ಸೇತುವೆ ದಾಟುವ ಮೊದಲೇ ಸಹ್ಯಾದ್ರಿಗೆ ಇಳಿಯಬೇಕು, ಬಸ್ ಸ್ಟ್ಯಾಂಡಿಗೆ ಹೋಗಿ ಹಿಂದಕ್ಕೆ ಬರುವುದು ಬೇಡ. ನೆಹರೂ ಕ್ರೀಡಾಂಗಣ ವಿಶ್ವವಿದ್ಯಾಲಯದ್ದಲ್ಲ. ರಣಜಿ ಪಂದ್ಯ ನಡೆಯುವ ನವುಲೆಯ ಮೈದಾನ ರಾಜ್ಯ ಕ್ರಿಕೆಟ್ ಸಂಸ್ಥೆಯದು, ಅದು ಸವಳಂಗ ರಸ್ತೆಯ ಕಡೆ, ಊರಿನ ಇನ್ನೊಂದು ತುದಿಗೆ. ನವುಲೆಯಲ್ಲೇ ಕೃಷಿ ವಿಶ್ವವಿದ್ಯಾಲಯದ ಆವರಣವೂ ಇರುವುದರಿಂದ ಆಟೋದವರಿಗೆ ಬರೀ 'ಯೂನಿವರ್ಸಿಟಿ' ಎಂದರೆ ಅಲ್ಲಿಗೆ ಒಯ್ದು ಬಿಟ್ಟಾರು.

ಪ್ರಶ್ನೆ: ನಮ್ಮದು ಹೊನ್ನಾಳಿಯ ಕಾಲೇಜು. ನಾವು ಶಂಕರಘಟ್ಟದ ಕೂಟಕ್ಕೆ ಬರಬಹುದೇ?

ಇಲ್ಲ. ದಾವಣಗೆರೆ ವಿಶ್ವವಿದ್ಯಾಲಯ 2009ರಲ್ಲಿ ಬೇರೆಯಾದ ಮೇಲೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಯ ಕಾಲೇಜುಗಳು ಅದಕ್ಕೆ ಸೇರಿವೆ. ಕುವೆಂಪು ವಿಶ್ವವಿದ್ಯಾಲಯಕ್ಕೆ ಉಳಿದದ್ದು ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳು.

ಪ್ರಶ್ನೆ: ನಮ್ಮ ಕಾಲೇಜಿನ ಮೈದಾನ 95 ಮೀಟರ್ ಉದ್ದ, 58 ಮೀಟರ್ ಅಗಲ. ಶಂಕರಘಟ್ಟಕ್ಕೆ ಹೋಗುವ ಮೊದಲು ಹುಡುಗರಿಗೆ ಸರಿಯಾದ ಟ್ರ್ಯಾಕಿನಲ್ಲಿ ಅಭ್ಯಾಸ ಕೊಡಬೇಕು. 200 ಮೀಟರ್ ಟ್ರ್ಯಾಕ್ ಹಿಡಿಯುತ್ತದೆಯೇ? ಗುರುತು ಹಾಕುವ ಕ್ರಮ ಹೇಳಿ. ಕಳೆದ ವರ್ಷ ಎರಡನೇ ಲೇನಿನವನು ಯಾವಾಗಲೂ ಹಿಂದೆ ಬೀಳುತ್ತಿದ್ದ. (ದೈಹಿಕ ಶಿಕ್ಷಣ ಬೋಧಕರು, ಹೊಸನಗರ)

ಹಿಡಿಯುತ್ತದೆ. ಆರು ಲೇನಿಗೆ ಆಸೆ ಪಡಬೇಡಿ, ಐದು ಹಾಕಿ. ಆರು ಹಾಕಿದರೆ ಉದ್ದ 92.44 ಮೀಟರ್ ಆಗಿ ತಿರುವಿನ ಆಚೆ ಗೋಡೆಗೆ ಒಂದೂಕಾಲು ಮೀಟರ್ ಮಾತ್ರ ಉಳಿಯುತ್ತದೆ. ಐದಕ್ಕೆ ಟ್ರ್ಯಾಕ್ ಸರಿಯಾಗಿ 90 ಮೀಟರ್ ಉದ್ದ, 50 ಮೀಟರ್ ಅಗಲ. ತುದಿಗಳಲ್ಲಿ ಎರಡೂವರೆ, ಮಗ್ಗುಲಲ್ಲಿ ನಾಲ್ಕು ಮೀಟರ್ ಉಳಿಯಿತು.

ಲೆಕ್ಕ ಹೀಗೆ. ನೇರ ಭಾಗ ತಲಾ 40 ಮೀಟರ್, ತಿರುವಿನ ತ್ರಿಜ್ಯ 18.90 ಮೀಟರ್. ಒಳ ಅಂಚಿಗೆ ಕಲ್ಲಿನ ಕಟ್ಟೆ ಇಲ್ಲದೆ ಬರೀ ಸುಣ್ಣದ ಗೆರೆ ಇರುವ ಟ್ರ್ಯಾಕಿನಲ್ಲಿ ಓಟಗಾರ ಗೆರೆಯಿಂದ 20 ಸೆಂ.ಮೀ. ಹೊರಗೆ ಓಡುತ್ತಾನೆ ಎಂದು ಹಿಡಿಯಬೇಕು. ಆಗ ತಿರುವಿನ ಓಟದ ತ್ರಿಜ್ಯ 19.10, ಒಂದೊಂದು ತಿರುವು 60 ಮೀಟರ್, ನೇರ ಎರಡು 80, ಒಟ್ಟು 200.

ಮೈದಾನದ ನಡುಗೆರೆಯ ಮೇಲೆ, ಎರಡೂ ತುದಿಯಿಂದ 27.5 ಮೀಟರ್ ಒಳಗೆ ಒಂದೊಂದು ಗೂಟ ಹೊಡೆಯಿರಿ. ಅವುಗಳ ನಡುವೆ 40 ಮೀಟರ್ ಬರಬೇಕು. ಇವೇ ತಿರುವಿನ ಕೇಂದ್ರಗಳು. ಪ್ರತಿ ಗೂಟದಿಂದ ಎರಡೂ ಪಕ್ಕಕ್ಕೆ 18.90 ಮೀಟರಿಗೆ ನೇರ ಅಡ್ಡಕ್ಕೆ ಗೂಟ. ಮೂಲೆಮಟ್ಟಕ್ಕೆ 6, 8, 10 ಮೀಟರಿನ ತ್ರಿಕೋನ ಹಿಡಿಯಿರಿ, 3-4-5 ತೀರ ಚಿಕ್ಕದು, ಬೆರಳಗಲ ತಪ್ಪಿದರೂ ಕೊನೆಗೆ ದೊಡ್ಡದಾಗುತ್ತದೆ. ನಾಲ್ಕು ಮೂಲೆ ಸಿಕ್ಕ ಮೇಲೆ ಕರ್ಣ ಅಳೆಯಿರಿ: ಎರಡೂ 55.03 ಮೀಟರ್ ಬರಬೇಕು. ಬಂದಿಲ್ಲವೆಂದರೆ ಮುಂದಕ್ಕೆ ಹೋಗಬೇಡಿ, ಗೂಟ ಕಿತ್ತು ಮತ್ತೆ ಹಿಡಿಯಿರಿ.

ತಿರುವು ಎಳೆಯುವಾಗ ತೆಂಗಿನ ನಾರಿನ ಹಗ್ಗವಾಗಲಿ ನೈಲಾನ್ ಹುರಿಯಾಗಲಿ ಬೇಡ. ಎಳೆದಂತೆ ಹಿಗ್ಗುತ್ತವೆ. ಬಟ್ಟೆಯ ಟೇಪು ಇಬ್ಬನಿಗೆ ಒದ್ದೆಯಾದರೆ ಅದರ ಮಾತೂ ನಂಬುವಂತಿಲ್ಲ. ಸ್ಟೀಲ್ ಟೇಪಿನ ಕೊಂಡಿಯನ್ನು ಗೂಟದ ಮೊಳೆಗೆ ಸಿಕ್ಕಿಸಿ, ಎರಡು ಮೀಟರಿಗೊಂದರಂತೆ ಗುರುತು ಕೊಡುತ್ತಾ ಹೋಗಿ. ಒಳಗೆರೆಯ 5 ಸೆಂ.ಮೀ. ಅಗಲ 18.90ರ ಒಳಮಗ್ಗುಲಿಗೆ ಬರಲಿ. ಉಳಿದ ಗೆರೆಗಳು 20.12, 21.34, 22.56, 23.78, 25.00 ಮೀಟರಿಗೆ. ಲೇನಿನ 1.22 ಮೀಟರಿನಲ್ಲಿ ಬಲಗಡೆಯ ಗೆರೆ ಸೇರಿದೆ, ಎಡಗಡೆಯದು ಸೇರಿಲ್ಲ. ಆರು ಗೆರೆ ಕೂಡಿ ಸುಮಾರು 1,300 ಮೀಟರ್ ಆಗುತ್ತದೆ, ಆ ಅಂದಾಜಿಗೆ ಪುಡಿ ತರಿಸಿ. ಸೀಮೆಸುಣ್ಣದ ಪುಡಿಯೇ ಇರಲಿ. ಗೋಡೆಗೆ ಬಳಿಯುವ ಸುಟ್ಟ ಸುಣ್ಣ ಬೆವರಿನ ಮೈಗೆ, ಬಿದ್ದ ಗಾಯಕ್ಕೆ, ಕಣ್ಣಿಗೆ ಸೋಕಿದರೆ ಸುಡುತ್ತದೆ.

ಈಗ ನಿಮ್ಮ ಎರಡನೇ ಲೇನಿನ ಹುಡುಗನ ವಿಷಯ. ನಮಗನ್ನಿಸುವುದು, ನೀವು 400 ಮೀಟರ್ ಟ್ರ್ಯಾಕಿನ ಸ್ಟ್ಯಾಗರ್ (ಹೊರ ಲೇನಿನವರನ್ನು ಮುಂದಕ್ಕೆ ನಿಲ್ಲಿಸುವ ಅಂತರ) ಪಟ್ಟಿಯನ್ನು ನೋಡಿ 7.04 ಮೀಟರ್ ಕೊಟ್ಟಿದ್ದೀರಿ. ಆ ಅಂಕಿ ಒಳ ಅಂಚಿಗೆ ಕಟ್ಟೆ ಇರುವ ಟ್ರ್ಯಾಕಿನದು. ಅಲ್ಲಿ ಮೊದಲ ಲೇನನ್ನು ಕಟ್ಟೆಯಿಂದ 30 ಸೆಂ.ಮೀ.ಗೆ, ಉಳಿದವನ್ನು ಗೆರೆಯಿಂದ 20 ಸೆಂ.ಮೀ.ಗೆ ಅಳೆಯುತ್ತಾರೆ. ನಿಮ್ಮಲ್ಲಿ ಎಲ್ಲವೂ 20. ಆದ್ದರಿಂದ ಸುತ್ತೊಂದಕ್ಕೆ ಎರಡನೇ ಲೇನಿಗೆ 7.67, ಮೂರಕ್ಕೆ 15.33, ನಾಲ್ಕಕ್ಕೆ 23.00, ಐದಕ್ಕೆ 30.66 ಮೀಟರ್ ಕೊಡಬೇಕು. 7.04 ಕೊಟ್ಟರೆ ಆ ಹುಡುಗ ಮೊದಲ ಲೇನಿನವನಿಗಿಂತ 63 ಸೆಂ.ಮೀ. ಹೆಚ್ಚು ಓಡುತ್ತಾನೆ. ಅವನ ಕಾಲಿನದೇನೂ ತಪ್ಪಿಲ್ಲ. ಟ್ರ್ಯಾಕ್ 200 ಇರಲಿ, 400 ಇರಲಿ, ಪೂರ್ತಿ ಸುತ್ತಿನ ಸ್ಟ್ಯಾಗರ್ ಲೇನಿನ ಅಗಲವನ್ನು ಅವಲಂಬಿಸಿದೆಯೇ ಹೊರತು ಟ್ರ್ಯಾಕಿನ ಉದ್ದವನ್ನಲ್ಲ.

ಸ್ಟ್ಯಾಗರನ್ನು ಗೆರೆಯ ಮೇಲೆಯೇ ಅಳೆಯುವುದು ಇನ್ನೊಂದು ತಪ್ಪು. ಆಯಾ ಲೇನಿನ ಒಳಗೆರೆಯಿಂದ 20 ಸೆಂ.ಮೀ. ಹೊರಗೆ, ಮೀಟರಿಗೊಂದು ಮೊಳೆ ಊರಿ, ಟೇಪು ಬಾಗಿಸಿ ಅಳೆಯಬೇಕು. ಗೆರೆಯ ಮೇಲೆ ಅಳೆದರೆ ಎರಡನೇ ಲೇನಿನವನಿಗೆ ಏಳೆಂಟು ಸೆಂ.ಮೀ., ಐದನೆಯವನಿಗೆ ಸುಮಾರು 26 ಸೆಂ.ಮೀ. ಪುಕ್ಕಟೆ ಸಿಗುತ್ತದೆ.

ಈ ಮೈದಾನದಲ್ಲಿ 100 ಮೀಟರ್ ನೇರ ಓಟ ಮಾತ್ರ ಮಾಡಿಸಬೇಡಿ. ಹಿಂದೆ 3 ಮೀಟರ್, ಮುಗಿದ ಮೇಲೆ 17 ಮೀಟರ್ ಖಾಲಿ ಸೇರಿ 120 ಬೇಕು. ನಿಮ್ಮ ಮೈದಾನದ ಕರ್ಣವೇ 111. ಕರ್ಣದಲ್ಲಿ ಓಡಿಸಿದರೆ ವೇಗ ಇಳಿಸುವ ಮೊದಲೇ ಹುಡುಗರು ಕಾಂಪೌಂಡಿಗೆ ಕೈ ಊರುತ್ತಾರೆ, ಮಣಿಕಟ್ಟು ಮುರಿಯುವುದು ಹಾಗೆಯೇ. ಬದಲಿಗೆ ನೇರಕ್ಕೆ 60 ಮೀಟರ್, ತಿರುವಿನ ಜೊತೆ 150 ಮೀಟರ್ ಅಭ್ಯಾಸ ಕೊಡಿ.

ಪ್ರಶ್ನೆ: ಟ್ರ್ಯಾಕಿಗೆ ಪ್ರತಿ ವರ್ಷ ಹೊಸ ಮಣ್ಣು ಹಾಕಿಸುತ್ತೇವೆ. ಒಂದು ಮಳೆಗಾಲ ಕಳೆದರೆ ಮೊದಲ ಲೇನು ಗದ್ದೆಯ ಹಾಗೆ. ಏನು ಮಾಡುವುದು? (ತೀರ್ಥಹಳ್ಳಿ)

ಮಣ್ಣು ಹಾಕುವುದನ್ನು ನಿಲ್ಲಿಸಿ ಮೊದಲು ನೀರಿಗೆ ದಾರಿ ಮಾಡಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ತೀರ್ಥಹಳ್ಳಿ ಅಷ್ಟಿಲ್ಲದಿದ್ದರೂ ಭದ್ರಾವತಿಯ ಲೆಕ್ಕ ನಿಮಗೆ ನಡೆಯುವುದಿಲ್ಲ.

ಕಾರಣ ಮೂರು. ಮೊದಲ ಲೇನಿನಲ್ಲಿ ಎಲ್ಲರೂ ಓಡುತ್ತಾರೆ, ಅದು ತುಳಿದು ತುಳಿದು ತಗ್ಗಾಗುತ್ತದೆ. ಒಳಗಿನ ಹುಲ್ಲುಮೈದಾನ ವರ್ಷವರ್ಷ ಹುಲ್ಲು, ದರಗು ಕೊಳೆತು ಎತ್ತರವಾಗಿ ತನ್ನ ನೀರನ್ನೂ ಅದೇ ತಗ್ಗಿಗೆ ಕಳಿಸುತ್ತದೆ. ಮೂರನೆಯದು, ಗುಡ್ಡದಿಂದ ತರಿಸುವ ಕೆಂಪು ಮಣ್ಣಿನ ನುಣ್ಣನೆಯ ಅಂಶ ನೀರಿಗೆ ಮೇಲೆದ್ದು ಸಾಬೂನಿನಂಥ ಪದರ ಕಟ್ಟುತ್ತದೆ, ಅದರ ಕೆಳಗೆ ನೀರು ಇಳಿಯುವುದಿಲ್ಲ. ಮಳೆ ನಿಂತ ಮಾರನೇ ದಿನ ಹಿಮ್ಮಡಿಯಿಂದ ಒತ್ತಿ ನೋಡಿ. ಮೇಲೆ ಜಾರುವ ಪದರ, ಅರ್ಧ ಇಂಚು ಕೆಳಗೆ ಒಣಮಣ್ಣು ಸಿಕ್ಕರೆ ಇದೇ ರೋಗ. ಒಂದು ಬೆರಳು ದಪ್ಪ ಕೆರೆದು ತೆಗೆದು, ಮರಳು ಬೆರೆಸಿದ ಮಣ್ಣು ಹರಡಿ, ಸಣ್ಣಗೆ ತೇವವಿರುವಾಗ ರೋಲರ್ ಓಡಿಸಿ. ಒದ್ದೆಯಲ್ಲಿ ರೋಲರ್ ಓಡಿಸಿದರೆ ಆ ಪದರವನ್ನು ನಾವೇ ಗಟ್ಟಿ ಮಾಡಿದಂತೆ.

ಓರೆ: ಟ್ರ್ಯಾಕ್ ಹೊರಗಿನಿಂದ ಒಳಕ್ಕೆ ನೂರಕ್ಕೆ ಒಂದರಂತೆ ಇಳಿಯಬೇಕು, ಅದಕ್ಕಿಂತ ಹೆಚ್ಚು ನಿಯಮಕ್ಕೆ ಒಪ್ಪುವುದಿಲ್ಲ. ಐದು ಲೇನಿನ 6.10 ಮೀಟರಿಗೆ ಹೊರ ಅಂಚು ಒಳ ಅಂಚಿಗಿಂತ 6 ಸೆಂ.ಮೀ. ಎತ್ತರ. ಗಾರೆಯವರ ಟ್ಯೂಬ್ ಲೆವೆಲ್ ಹಿಡಿದು ಹತ್ತು ಮೀಟರಿಗೊಮ್ಮೆ ನೋಡಿ. ಓಡುವ ದಿಕ್ಕಿಗೆ ಇಳಿಜಾರು ಸಾವಿರಕ್ಕೆ ಒಂದನ್ನು ಮೀರಬಾರದು.

ಚರಂಡಿ: ಹುಲ್ಲಿಗೂ ಟ್ರ್ಯಾಕಿಗೂ ನಡುವೆ ಒಂದು ಅಡಿ ಅಗಲ, ಒಂದೂವರೆ ಅಡಿ ಆಳದ ಅಗಳು ತೆಗೆಸಿ. ತಳಕ್ಕೆ ತೂತು ಕೊರೆದ 4 ಇಂಚಿನ ಪೈಪು, ಹತ್ತು ಮೀಟರಿಗೆ 5 ಸೆಂ.ಮೀ. ಇಳಿಜಾರು. ಮೇಲೆ 40 ಮಿ.ಮೀ. ಜಲ್ಲಿ, ಅದರ ಮೇಲೆ 20 ಮಿ.ಮೀ. ಜಲ್ಲಿ, ಕೊನೆಗೆ ಮರಳು. ಬಾಯಿ ತೆರೆದ ಚರಂಡಿ ಖರ್ಚು ಉಳಿಸುತ್ತದೆ, ಆದರೆ ಓಡುವವರ ಪಾದ ಅದರಲ್ಲಿ ಸಿಕ್ಕೀತು. ಪೈಪಿನ ಹೊರಬಾಯಿಗೆ ಜಾಲರಿ ಹಾಕಿ, ಜೂನಿನಿಂದ ಸೆಪ್ಟೆಂಬರ್ ತನಕ ವಾರಕ್ಕೊಮ್ಮೆ ಕೈಯಿಂದ ಬಿಡಿಸಿ. ಮೈದಾನದ ಅಂಚಿಗೆ ಅಕೇಶಿಯಾ ಇದ್ದರಂತೂ ಆ ಎಲೆ ಬೇಗ ಕೊಳೆಯುವುದಿಲ್ಲ, ಚರ್ಮದ ತುಂಡಿನ ಹಾಗೆ ಜಾಲರಿಗೆ ಅಂಟಿ ಕೂರುತ್ತದೆ. ಚರಂಡಿ ಮಾಡಿಸಿಯೂ ಟ್ರ್ಯಾಕ್ ಕೆಟ್ಟ ಕಡೆಯಲ್ಲೆಲ್ಲ ಮೊದಲು ಆ ಜಾಲರಿ ನೋಡಿ.

ಪ್ರಶ್ನೆ: ಕ್ರಾಸ್ ಕಂಟ್ರಿ ತಂಡಕ್ಕೆ ಕಾಡಂಚಿನ ಮಣ್ಣುದಾರಿಯಲ್ಲಿ 10 ಕಿ.ಮೀ. ಅಭ್ಯಾಸ ಮಾಡಿಸುತ್ತೇವೆ. ಮಂಗನ ಕಾಯಿಲೆಯ ಭಯ ಇದೆ. (ತರಬೇತುದಾರರು, ಸಾಗರ ತಾಲ್ಲೂಕು)

ಭಯ ಸರಿಯಾದದ್ದೇ. ಈ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ, ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ. ಆ ತಿಂಗಳುಗಳಲ್ಲಿ ಕಾಡುದಾರಿ ಬಿಟ್ಟು ಡಾಂಬರು ರಸ್ತೆಯ ಅಂಚಿಗೆ, ಇಲ್ಲವೇ ತೋಟದ ಬಂಡಿದಾರಿಗೆ ಅಭ್ಯಾಸ ಬದಲಿಸಿ. ಹೋಗಲೇಬೇಕಾದರೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿ, ಉದ್ದ ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸಿ. ದಣಿವಾರಿಸಲು ದರಗಿನ ಮೇಲೆ ಕೂರುವುದು ಬೇಡ, ಉಣುಗು ಹತ್ತುವುದು ಹೆಚ್ಚು ಆಗಲೇ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಗೂ ಬಿಸಿನೀರು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಉಣುಗು ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈನೋವು ಬಂದರೆ ಮಾತ್ರೆ ನುಂಗಿ ಓಡಿಸಬೇಡಿ. ವೈದ್ಯರಿಗೆ ಕಾಡಿಗೆ ಹೋಗಿದ್ದ ವಿಷಯವನ್ನು ಹೇಳಿಸಿ.

ಶಂಕರಘಟ್ಟದ ಸುತ್ತ ಅಭ್ಯಾಸ ಮಾಡುವವರಿಗೆ ಇನ್ನೊಂದು ಮಾತು. ಆಚೆಗೆ ಭದ್ರಾ ಅಭಯಾರಣ್ಯದ ಲಕ್ಕವಳ್ಳಿ ವಲಯ. ಅದು ಆನೆ ಓಡಾಡುವ ಜಾಗ. ಬೆಳಕು ಹರಿಯುವ ಮೊದಲು ಕಾಡಿನ ಕಡೆ ಯಾರನ್ನೂ ಕಳಿಸಬೇಡಿ, ಇಯರ್‌ಫೋನ್ ಹಾಕಿಕೊಂಡವರನ್ನಂತೂ ಹಗಲಲ್ಲೂ ಬೇಡ. ಮಳೆಗಾಲದಲ್ಲಿ ಉಣುಗಿನ ಬದಲು ಇಂಬಳ. ಅದರಿಂದ ಅಪಾಯವಿಲ್ಲ, ಉಪ್ಪು ಮುಟ್ಟಿಸಿದರೆ ಬಿಡುತ್ತದೆ.

ಪ್ರಶ್ನೆ: ಪಂದ್ಯ ಮುಗಿದ ಮೇಲೆ ಹುಡುಗರು ಭದ್ರಾ ನಾಲೆಯಲ್ಲಿ ಈಜುತ್ತೇವೆ ಅನ್ನುತ್ತಾರೆ. ಬಿಡಬಹುದೇ? (ತರೀಕೆರೆ)

ಬಿಡಬೇಡಿ. ಎಡದಂಡೆ, ಬಲದಂಡೆ ನಾಲೆಗಳು ಮೇಲಿಂದ ಶಾಂತವಾಗಿ ಕಾಣುತ್ತವೆ. ಪಾಚಿ ಹಿಡಿದ ಇಳಿಜಾರು ಗೋಡೆಯಲ್ಲಿ ಕೈಗೆ ಹಿಡಿತ ಸಿಗುವುದಿಲ್ಲ, ಚೆನ್ನಾಗಿ ಈಜುವವನೂ ಹತ್ತಲಾಗದೆ ಸೆಳವಿಗೆ ಸೋಲುತ್ತಾನೆ. ಆಡಿ ದಣಿದ ಕಾಲಿಗೆ ಸ್ನಾಯು ಹಿಡಿದುಕೊಳ್ಳುವುದು ತಣ್ಣೀರಿಗೆ ಇಳಿದಾಗಲೇ. ಯಾರಾದರೂ ಬಿದ್ದರೆ ಹಿಂದೆ ಹಾರದೆ ಹಗ್ಗವನ್ನೋ ಪಂಚೆಯನ್ನೋ ಎಸೆದು, ಹರಿವಿನ ದಿಕ್ಕಿನಲ್ಲಿ ದಂಡೆಯ ಮೇಲೆ ಓಡುತ್ತಾ ಎಳೆಯಬೇಕು. ಡ್ಯಾಮು ನೋಡುವ ಆಸೆಯಿದ್ದರೆ ಕೂಟದ ಮಾರನೇ ದಿನ ಕರೆದೊಯ್ಯಿರಿ.

ಪ್ರಶ್ನೆ: ಕಬಡ್ಡಿ ಮ್ಯಾಟಿನ ಅಡಿಗೆ ಬೂಷ್ಟು ಬರುತ್ತದೆ, ಹುಡುಗಿಯರಿಗೆ ಮಂಡಿಯಲ್ಲಿ ತುರಿಕೆ. ಬ್ಲೀಚಿಂಗ್ ಹಾಕಿ ತೊಳೆದರೆ ಮೇಲ್ಮೈ ಎದ್ದು ಬಂತು. (ಶೃಂಗೇರಿ)

ಬ್ಲೀಚಿಂಗ್ ಪುಡಿ ಫೋಮನ್ನು ತಿನ್ನುತ್ತದೆ, ಇನ್ನು ಮುಟ್ಟಬೇಡಿ. ತೇವ ಬರುವುದು ಮೇಲಿಂದಲ್ಲ, ಸಿಮೆಂಟ್ ನೆಲದೊಳಗಿಂದ. ಮಳೆಗಾಲದಲ್ಲಿ ಮ್ಯಾಟನ್ನು ಹಾಸಿಯೇ ಬಿಡುವ ಪದ್ಧತಿ ನಿಲ್ಲಿಸಿ. 13 ಮೀಟರ್ ಉದ್ದ, 10 ಮೀಟರ್ ಅಗಲದ ಪುರುಷರ ಅಂಕಣಕ್ಕೆ ಒಂದು ಮೀಟರ್ ಚೌಕದ 130 ತುಂಡು ಬೇಕು, ಮಹಿಳೆಯರ 12 ಮೀಟರ್ ಉದ್ದ, 8 ಮೀಟರ್ ಅಗಲಕ್ಕೆ 96. ಹತ್ತು ಮಂದಿ ಕೂಡಿದರೆ ಬಿಚ್ಚಲು ಕಾಲು ಗಂಟೆ. ಬಿಚ್ಚುವ ಮೊದಲು ಪ್ರತಿ ತುಂಡಿನ ಅಡಿಗೆ ಸಾಲು ಮತ್ತು ಸಂಖ್ಯೆ ಬರೆದಿಡಿ. ಬೇರೆ ಜಾಗಕ್ಕೆ ಕೂಡಿಸಿದರೆ ಹಲ್ಲುಗಳು ಸರಿಯಾಗಿ ಕೂರದೆ ಸಂದಿಯಲ್ಲಿ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ.

ತುಂಡುಗಳನ್ನು ಗೋಡೆಗೆ ಒರಗಿಸಿ, ನಡುವೆ ಗಾಳಿಯಾಡುವಂತೆ ನಿಲ್ಲಿಸಿ. ಬಿಸಿಲಿಗೆ ಇಟ್ಟರೆ ಅಂಚು ಮುದುರುತ್ತದೆ, ನೆರಳೇ ಸರಿ. ಬೂಷ್ಟನ್ನು ಮೊದಲು ಒಣಬಟ್ಟೆಯಲ್ಲಿ ಒರೆಸಿ, ಆಮೇಲೆ ಬಕೆಟ್ ನೀರಿಗೆ ಒಂದೆರಡು ಚಮಚ ಪಾತ್ರೆ ತೊಳೆಯುವ ದ್ರವ ಬೆರೆಸಿ ಹಿಂಡಿದ ಬಟ್ಟೆಯಿಂದ ಎರಡೂ ಮುಖ ಒರೆಸಿ, ಕೊನೆಗೆ ಬರೀ ನೀರಿನ ಬಟ್ಟೆ. ಸಾಬೂನು ಉಳಿದರೆ ರೇಡರ್ ಜಾರುತ್ತಾಳೆ. ಮತ್ತೆ ಹಾಸುವ ಮೊದಲು ನೆಲದ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹರಡಿ, ಸೇರುವಲ್ಲಿ ಒಂದು ಅಡಿ ಒಂದರ ಮೇಲೊಂದು ಬರಲಿ. ತುರಿಕೆ ವಾರದೊಳಗೆ ಇಳಿಯದಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ. ಅಲ್ಲಿಯ ತನಕ ಆ ಹುಡುಗಿಯರು ಮಂಡಿಪಟ್ಟಿ, ಟವೆಲು ಹಂಚಿಕೊಳ್ಳುವುದು ಬೇಡ.